ದಿನ ತುಂಬದ ಕೂಸಿನ ಮುಚ್ಚದ ನಾಳ

ಮರವಂತೆಯಿಂದ ಮಣಿಪಾಲಕ್ಕೆ ಸುಮಾರು 60 ಕಿಲೋಮೀಟರ್. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ನಡುವೆ ಹಾದ ಹೆದ್ದಾರಿಯನ್ನು ನೋಡಲೆಂದೇ ದೂರದೂರುಗಳಿಂದ ಜನ ಬರುತ್ತಾರೆ. ಇದೇ ಹೆದ್ದಾರಿಯಲ್ಲಿ ತ್ರಾಸಿ, ಹೆಮ್ಮಾಡಿ, ಕುಂದಾಪುರ, ಕೋಟ, ಬ್ರಹ್ಮಾವರ ದಾಟಿ ದಕ್ಷಿಣಕ್ಕೆ ಓಡುವ ಆಂಬುಲೆನ್ಸ್‌ಗಳಲ್ಲಿ ಕೆಲವೊಮ್ಮೆ ಒಂದು ಕಿಲೋ ತೂಗದ ಕೂಸೂ ಇರುತ್ತದೆ. ಏಳು ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸು. ದಾರಿಯುದ್ದಕ್ಕೂ ಅದರ ಉಸಿರು ನಿಲ್ಲದಂತೆ, ಮೈ ತಣ್ಣಗಾಗದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಆಸ್ಪತ್ರೆ ಸೇರಿ, ಉಸಿರು ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ, ಮೂರನೆಯ ದಿನವೋ ನಾಲ್ಕನೆಯ ದಿನವೋ ವೈದ್ಯರು ಹೊರಗೆ ಬಂದು ಇನ್ನೊಂದು ಮಾತು ಹೇಳುತ್ತಾರೆ: ಹೃದಯದ ಹತ್ತಿರ ಒಂದು ರಕ್ತನಾಳ ಮುಚ್ಚಬೇಕಿತ್ತು, ಮುಚ್ಚಿಲ್ಲ. ಬಾಗಿಲ ಹೊರಗೆ ನಿಂತ ಅಜ್ಜಿಗೆ ಅದು ಹೃದಯದಲ್ಲಿ ತೂತು ಎಂದೇ ಕೇಳಿಸುತ್ತದೆ. ಅದು ತೂತಲ್ಲ. ಈ ನಾಳವನ್ನು ಔಷಧದಿಂದ ಮುಚ್ಚಲು ಮನುಷ್ಯರು ಸುಮಾರು ಐವತ್ತು ವರ್ಷ ಪಟ್ಟ ಪಾಡು, ಕಂಡ ಗೆಲುವು, ಕೊನೆಗೆ ಆ ಗೆಲುವನ್ನೇ ಮತ್ತೆ ತೂಗಿ ನೋಡಬೇಕಾಗಿ ಬಂದದ್ದು, ಇವೆಲ್ಲ ನಮ್ಮ ಊರಿನ ತಂದೆತಾಯಿಗಳಿಗೂ ತಿಳಿದಿರಬೇಕಾದ ಚರಿತ್ರೆ.

ಗರ್ಭದಲ್ಲಿರುವ ಶಿಶುವಿನ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲ. ಆಮ್ಲಜನಕ ತಾಯಿಯಿಂದ ಮಾಸುವಿನ ಮೂಲಕ ಬರುತ್ತದೆ. ಹಾಗಾಗಿ ಹೃದಯದ ಬಲಭಾಗದಿಂದ ಶ್ವಾಸಕೋಶದತ್ತ ಹೊರಟ ರಕ್ತದ ಬಹುಪಾಲು ಅಲ್ಲಿಗೆ ಹೋಗದೆ ಒಂದು ಅಡ್ಡನಾಳದ ಮೂಲಕ ನೇರವಾಗಿ ಮಹಾಪಧಮನಿಗೆ ಸೇರಿಬಿಡುತ್ತದೆ. ಈ ಅಡ್ಡನಾಳಕ್ಕೆ ವೈದ್ಯರು ಡಕ್ಟಸ್ ಆರ್ಟೀರಿಯೋಸಸ್ ಎನ್ನುತ್ತಾರೆ. ಸೌಪರ್ಣಿಕೆಯ ಬಯಲಿನ ರೈತರಿಗೆ ಇದರ ಕೆಲಸ ತಿಳಿಯುವುದು ಕಷ್ಟವಲ್ಲ. ಮಳೆಗಾಲದಲ್ಲಿ ಕಿಂಡಿ ಅಣೆಕಟ್ಟಿನ ಹಲಗೆ ತೆಗೆದಿಟ್ಟು ನೆರೆನೀರನ್ನು ಹರಿಯಬಿಡುತ್ತಾರೆ. ಮಳೆ ಹಿಂದೆ ಸರಿದ ಮೇಲೆ ಹಲಗೆ ಹಾಕುತ್ತಾರೆ, ಇಲ್ಲವಾದರೆ ಉಬ್ಬರದ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ತುಂಬು ತಿಂಗಳಿಗೆ ಹುಟ್ಟಿದ ಮಗುವಿನಲ್ಲಿ ಈ ಹಲಗೆ ಹಾಕುವ ಕೆಲಸ ತಾನಾಗಿ ನಡೆಯುತ್ತದೆ. ಮೊದಲ ಉಸಿರಿನೊಂದಿಗೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ. ಮಾಸು ಬೇರ್ಪಟ್ಟ ಕಾರಣ ನಾಳವನ್ನು ಸಡಿಲವಾಗಿ ಇಟ್ಟಿದ್ದ ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯ ಇಳಿಯುತ್ತದೆ. ಎರಡು ಮೂರು ದಿನದೊಳಗೆ ನಾಳದ ಗೋಡೆ ಬಿಗಿದುಕೊಳ್ಳುತ್ತದೆ, ಕೆಲವು ವಾರಗಳಲ್ಲಿ ಬರಿಯ ನಾರಾಗಿ ಉಳಿಯುತ್ತದೆ.

ದಿನ ತುಂಬದ ಕೂಸಿನಲ್ಲಿ ಹಾಗಾಗುವುದಿಲ್ಲ. ಅದರ ನಾಳದ ಗೋಡೆ ತೆಳು, ಆಮ್ಲಜನಕಕ್ಕೆ ಮಣಿಯುವುದು ಕಡಿಮೆ, ಪ್ರೋಸ್ಟಾಗ್ಲಾಂಡಿನ್ನಿಗೆ ಮಣಿಯುವುದು ಹೆಚ್ಚು. 28 ವಾರಕ್ಕೂ ಮೊದಲೇ ಹುಟ್ಟಿದವರಲ್ಲಿ ಬಹುಪಾಲು ಕೂಸುಗಳಿಗೆ ಮೊದಲ ದಿನಗಳು ಕಳೆದರೂ ನಾಳ ತೆರೆದೇ ಇರುತ್ತದೆ. ಆಗ ಹರಿವು ತಿರುಗುಮುರುಗಾಗುತ್ತದೆ. ಮಹಾಪಧಮನಿಯಿಂದ ಮೈಗೆಲ್ಲ ಹೋಗಬೇಕಾದ ರಕ್ತ ಹಿಂದಕ್ಕೆ ಶ್ವಾಸಕೋಶಕ್ಕೆ ನುಗ್ಗುತ್ತದೆ. ಶ್ವಾಸಕೋಶ ಒದ್ದೆಯಾಗುತ್ತದೆ, ಹೃದಯ ದಣಿಯುತ್ತದೆ, ಕರುಳು ಮತ್ತು ಮೂತ್ರಪಿಂಡಗಳಿಗೆ ರಕ್ತ ಸಾಲದೆ ಹೋಗುತ್ತದೆ. ಇದನ್ನೇ ವೈದ್ಯರು ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್, ಚಿಕ್ಕದಾಗಿ ಪಿಡಿಎ ಎನ್ನುತ್ತಾರೆ.

ನಮ್ಮ ಕರಾವಳಿಯಲ್ಲಿ ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಅದು ನಿಜವಲ್ಲ; ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಆದರೆ ಆ ಮಾತು ಹುಟ್ಟಿದ ಕಾಲದ ಅಸಹಾಯಕತೆ ನಿಜ. ಹೊಳೆಗಳಿಗೆ ಸೇತುವೆ ಬರುವ ಮೊದಲು ಕಡವಿನ ದೋಣಿಗೆ ಕಾಯಬೇಕಿತ್ತು. ಪುಟ್ಟ ಕೂಸನ್ನು ಹತ್ತಿಯಲ್ಲಿ, ಹಳೆಯ ಮೆತ್ತನೆಯ ಅರಿವೆಯಲ್ಲಿ ಸುತ್ತಿ, ಬಾಣಂತಿ ಕೋಣೆಯ ಬೆಚ್ಚಗಿನ ಮೂಲೆಯಲ್ಲಿಟ್ಟು, ಬತ್ತಿಯಿಂದ ಹಾಲು ಹಿಂಡಿ ಬಾಯಿಗೆ ಬಿಡುವುದರ ಆಚೆಗೆ ಯಾರ ಕೈಯಲ್ಲೂ ಏನೂ ಇರಲಿಲ್ಲ. ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಕಟ್ಟಿದ್ದು 1953ರಲ್ಲಿ. ಆ ಹೊತ್ತಿಗೆ ಜಗತ್ತಿನ ಅತ್ಯಂತ ಮುಂದುವರಿದ ಊರಿನ ವೈದ್ಯರಿಗೂ ಒಂದು ಕಿಲೋದ ಕೂಸಿನ ತೆರೆದ ನಾಳಕ್ಕೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ದೊಡ್ಡ ಮಕ್ಕಳ ವಿಷಯದಲ್ಲಿ ಮಾತ್ರ ಒಂದು ದಾರಿ ತೆರೆದಿತ್ತು. 1938ರ ಆಗಸ್ಟ್ 26ರಂದು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ರಾಬರ್ಟ್ ಗ್ರಾಸ್ ಎಂಬ 33 ವರ್ಷದ ಶಸ್ತ್ರವೈದ್ಯ ಏಳು ವರ್ಷದ ಹುಡುಗಿಯೊಬ್ಬಳ ಎದೆ ತೆರೆದು, ಮುಚ್ಚದೆ ಉಳಿದಿದ್ದ ನಾಳಕ್ಕೆ ದಾರ ಕಟ್ಟಿದರು. ಅವರ ಹಿರಿಯ ಅಧಿಕಾರಿ ವಿಲಿಯಂ ಲ್ಯಾಡ್ ಆಗ ರಜೆಯ ಮೇಲೆ ಊರಾಚೆ ಇದ್ದರು. ಹೃದಯದ ಸಮೀಪ ಕತ್ತಿ ಆಡಿಸುವುದು ಹುಚ್ಚುತನವೆಂದು ತಿಳಿಯುತ್ತಿದ್ದ ಕಾಲವದು. ಅದರ ಹಿಂದಿನ ವರ್ಷ ಅದೇ ಊರಿನಲ್ಲಿ ಜಾನ್ ಸ್ಟ್ರೈಡರ್ ಇಂಥದೇ ಶಸ್ತ್ರಚಿಕಿತ್ಸೆ ಮಾಡಿದ್ದರು, ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. ಗ್ರಾಸ್ ಅವರ ಹುಡುಗಿ ಬದುಕಿದಳು. ಹುಟ್ಟಿನಿಂದ ಬಂದ ಹೃದಯದ ತೊಂದರೆಗಳಿಗೆ ಶಸ್ತ್ರಚಿಕಿತ್ಸೆ ಎಂಬುದು ಅಲ್ಲಿಂದ ಶುರುವಾಯಿತೆಂದು ವೈದ್ಯಚರಿತ್ರೆ ಬರೆಯುವವರು ಹೇಳುತ್ತಾರೆ.

ದಿನ ತುಂಬದ ಕೂಸಿಗೆ ಆ ಶಸ್ತ್ರಚಿಕಿತ್ಸೆ ತಲುಪಲು ಇನ್ನೂ 25 ವರ್ಷ ಬೇಕಾಯಿತು. 1963ರಲ್ಲಿ ಅಂಥ ಮೊದಲ ವರದಿಗಳು ಬಂದವು. ಅಂಗೈಯಲ್ಲಿ ಹಿಡಿಸುವ ಎದೆಯನ್ನು ತೆರೆಯಬೇಕು, ಶ್ವಾಸಕೋಶವನ್ನು ಪಕ್ಕಕ್ಕೆ ಸರಿಸಬೇಕು, ಮಹಾಪಧಮನಿಯಷ್ಟೇ ದಪ್ಪವಿರಬಹುದಾದ ನಾಳವನ್ನು ತಪ್ಪದೆ ಗುರುತಿಸಿ ಕಟ್ಟಬೇಕು. ಪಕ್ಕದಲ್ಲೇ ಧ್ವನಿಪೆಟ್ಟಿಗೆಗೆ ಹೋಗುವ ನರವೊಂದು ಸುತ್ತಿಕೊಂಡು ಹೋಗುತ್ತದೆ. ಅದಕ್ಕೆ ಪೆಟ್ಟು ಬಿದ್ದರೆ ಮಗುವಿನ ಅಳುವೇ ಒಡಕಾಗುತ್ತದೆ, ಹಾಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುರಿತ ಕೈಗಳಿದ್ದ ಕಡೆ ಇದು ಸಾಧ್ಯವಾಯಿತು. ಅಂಥ ಕೈಗಳು ಎಲ್ಲ ಊರಲ್ಲೂ ಇರಲಿಲ್ಲ.

ಔಷಧದ ಕಥೆ ಬೇರೆ ದಿಕ್ಕಿನಿಂದ ಬಂತು. 1950ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಜೆಫ್ರಿ ಡಾಸ್, ಗುಸ್ತಾವ್ ಬಾರ್ನ್ ಮತ್ತು ಸಂಗಡಿಗರು ಕುರಿಮರಿಗಳ ಮೇಲೆ ಪ್ರಯೋಗ ಮಾಡಿ, ಆಮ್ಲಜನಕ ಏರಿದಾಗ ಈ ನಾಳ ಬಿಗಿಯುವುದನ್ನು ತೋರಿಸಿಕೊಟ್ಟರು. ಮುಚ್ಚುವುದಕ್ಕೆ ಕಾರಣ ಸಿಕ್ಕಿತು. ತೆರೆದಿಡುವುದು ಯಾವುದು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ನೋವಿನ ಮಾತ್ರೆಗಳ ಸಂಶೋಧನೆಯಿಂದ. 1971ರಲ್ಲಿ ಲಂಡನ್ನಿನ ಜಾನ್ ವೇನ್, ಆಸ್ಪಿರಿನ್ ಮತ್ತು ಇಂಡೋಮೆಥಾಸಿನ್‌ನಂಥ ಮಾತ್ರೆಗಳು ದೇಹದಲ್ಲಿ ಪ್ರೋಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ ಎಂದು ಕಂಡುಕೊಂಡರು. ಪ್ರೋಸ್ಟಾಗ್ಲಾಂಡಿನ್ ಕುರಿತ ಕೆಲಸಕ್ಕಾಗಿ 1982ರಲ್ಲಿ ಅವರಿಗೂ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಸ್ಯಾಮುಯೆಲ್ಸನ್ ಅವರಿಗೂ ನೊಬೆಲ್ ಬಂತು. ಇಂಡೋಮೆಥಾಸಿನ್ 1960ರ ದಶಕದಲ್ಲಿ ಸಂಧಿವಾತದ ಔಷಧವಾಗಿ ಬಂದದ್ದು. ಮೊಣಕಾಲು ಬಾತ ಮುದುಕರ ಮಾತ್ರೆ. ಅದು ಹೆರಿಗೆ ಕೋಣೆಯ ಪಕ್ಕದ ಕೋಣೆಗೆ ಬಂದೀತೆಂದು ಯಾರೂ ಎಣಿಸಿರಲಾರರು.

1973ರಲ್ಲಿ ಟೊರೊಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಫ್ಲಾವಿಯೊ ಕೊಚೆಯಾನಿ ಮತ್ತು ಪೀಟರ್ ಓಲಿ ಕುರಿಮರಿಯ ನಾಳದ ತುಣುಕುಗಳಿಗೆ ಪ್ರೋಸ್ಟಾಗ್ಲಾಂಡಿನ್ ಹಾಕಿ ನೋಡಿದರು. ಬಿಗಿದಿದ್ದ ನಾಳ ಸಡಿಲವಾಯಿತು. ಇದರಿಂದ ಒಮ್ಮೆಗೇ ಎರಡು ದಾರಿಗಳು ಕಂಡವು. ಕೆಲವು ಶಿಶುಗಳ ಹೃದಯದ ರಚನೆಯೇ ತಪ್ಪಿರುತ್ತದೆ. ಈ ಅಡ್ಡನಾಳ ತೆರೆದಿದ್ದರೆ ಮಾತ್ರ ಅವು ಬದುಕುತ್ತವೆ. ಅಂಥವರಿಗೆ ಪ್ರೋಸ್ಟಾಗ್ಲಾಂಡಿನ್ ಕೊಟ್ಟು ನಾಳವನ್ನು ತೆರೆದಿಡಬಹುದು. 1975ರಲ್ಲಿ ನ್ಯೂಜಿಲೆಂಡಿನ ವೈದ್ಯರು ಹಾಗೆ ಮಾಡಿ ವರದಿ ಮಾಡಿದರು. ಶಸ್ತ್ರಚಿಕಿತ್ಸೆ ಮಾಡುವ ಕೇಂದ್ರಕ್ಕೆ ತಲುಪುವವರೆಗೆ ನೀಲಿಗಟ್ಟಿದ ಶಿಶುವಿನ ಜೀವ ಹಿಡಿದಿಡುವುದು ಇವತ್ತಿಗೂ ಅದೇ ಔಷಧ. ಇನ್ನೊಂದು ದಾರಿ ತೆರೆದ ನಾಳವನ್ನು ಮುಚ್ಚುವುದು, ಅಂದರೆ ಪ್ರೋಸ್ಟಾಗ್ಲಾಂಡಿನ್ ಹುಟ್ಟದಂತೆ ಮಾಡುವುದು.

ಆ ತಿರುವು ಬಂದದ್ದು 1976ರ ಸೆಪ್ಟೆಂಬರಿನಲ್ಲಿ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ನಿನ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಬೆನ್ನಿಗೆ ಬೆನ್ನು ಹಚ್ಚಿ ಅಚ್ಚಾದವು. ಒಂದು ಸ್ಯಾನ್ ಡಿಯಾಗೊದ ವಿಲಿಯಂ ಫ್ರೀಡ್‌ಮನ್ ತಂಡದ್ದು, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊದ ಮೈಕಲ್ ಹೈಮನ್, ಅಬ್ರಹಾಂ ರುಡಾಲ್ಫ್ ಮತ್ತು ನಾರ್ಮನ್ ಸಿಲ್ವರ್‌ಮನ್ ಅವರದು. ಎರಡೂ ಕಡೆ ಕೆಲವೇ ಕೂಸುಗಳು. ಎರಡೂ ಕಡೆ ಇಂಡೋಮೆಥಾಸಿನ್. ಎರಡೂ ಕಡೆ ನಾಳ ಬಿಗಿದುಕೊಂಡಿತು. ಎದೆ ಕೊಯ್ಯದೆ, ದಾರ ಕಟ್ಟದೆ, ಬರಿಯ ಔಷಧದಿಂದ ಹೃದಯದ ಬಳಿಯ ನಾಳವೊಂದು ಮುಚ್ಚಿತು. ಅದನ್ನು ಮೊದಲು ಕಂಡವರ ಸಂಭ್ರಮವನ್ನು ಊಹಿಸಬಲ್ಲೆ. ಕಿವಿಗೊಟ್ಟು ಕೇಳುತ್ತಿದ್ದ ಎದೆಯ ಮರ್ಮರ ಒಂದೆರಡು ದಿನದಲ್ಲಿ ನಿಂತುಹೋಗುವುದನ್ನು ಅವರು ತಾವೇ ಕೇಳಿದರು.

ಕೆಲವು ಕೂಸುಗಳ ಅನುಭವದಿಂದ ಎಲ್ಲರಿಗೂ ಚಿಕಿತ್ಸೆ ನಿರ್ಧರಿಸಲಾಗದು. ಹಾಗಾಗಿ ಅಮೆರಿಕದ 13 ಕೇಂದ್ರಗಳು ಸೇರಿ ದೊಡ್ಡ ಪರೀಕ್ಷೆಯೊಂದನ್ನು ನಡೆಸಿದವು. 1983ರಲ್ಲಿ ವೆಲ್ಟನ್ ಗೆರ್ಸನಿ ಮತ್ತು ಜೊತೆಗಾರರು ಪ್ರಕಟಿಸಿದ ಫಲಿತಾಂಶದಂತೆ, ತೊಂದರೆ ಕೊಡುವಷ್ಟು ದೊಡ್ಡ ನಾಳವಿದ್ದ 421 ಕೂಸುಗಳಲ್ಲಿ ಇಂಡೋಮೆಥಾಸಿನ್ ಪಡೆದ ನೂರಕ್ಕೆ 79 ಮಂದಿಗೆ ನಾಳ ಮುಚ್ಚಿತು. ಔಷಧವಿಲ್ಲದ ಗುಂಪಿನಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ಮುಚ್ಚಿತು. 1985ರಲ್ಲಿ ಅಮೆರಿಕದ ಔಷಧ ಆಡಳಿತ ಇಂಡೋಮೆಥಾಸಿನ್ ಇಂಜೆಕ್ಷನ್ನಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಮುಂದೆ ಎರಡು ದಶಕ ಶ್ರೀಮಂತ ದೇಶಗಳ ಎನ್‌ಐಸಿಯುಗಳಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ, ತೆರೆದ ನಾಳ ಕಂಡರೆ ಇಂಡೋಮೆಥಾಸಿನ್ ಎಂಬುದು ಮಾತಾಡದೆ ಒಪ್ಪಿಕೊಂಡ ರೀತಿಯಾಯಿತು.

ಆ 1983ರ ಅಂಕಿಗಳನ್ನು ಈಗ ಓದುವಾಗ ನನ್ನ ಕಣ್ಣು ನಿಲ್ಲುವುದು 79ರ ಮೇಲಲ್ಲ. ಏನೂ ಕೊಡದೆ ಮುಚ್ಚಿಕೊಂಡ ಆ ಮೂರನೆಯ ಒಂದು ಭಾಗದ ಮೇಲೆ. ಕಾದಿದ್ದರೆ ಇನ್ನೆಷ್ಟು ಮಂದಿಗೆ ಮುಚ್ಚುತ್ತಿತ್ತು? ಆ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಕೇಳದಿರಲು ಕಾರಣವೂ ಇತ್ತು. ಏದುಸಿರು ಬಿಡುವ ಕೂಸು ಕಣ್ಣೆದುರಿಗಿದ್ದಾಗ, ಕೈಯಲ್ಲಿ ಔಷಧವಿದ್ದಾಗ, ಸುಮ್ಮನೆ ನಿಲ್ಲುವುದು ಯಾವ ವೈದ್ಯರಿಗೂ ಸುಲಭವಲ್ಲ.

ಇಂಡೋಮೆಥಾಸಿನ್ನಿನ ಬೆಲೆ ಬೇರೆ ಅಂಗಗಳು ತೆರಬೇಕಿತ್ತು. ಅದು ಮೂತ್ರಪಿಂಡ, ಕರುಳು, ಮೆದುಳುಗಳ ರಕ್ತವನ್ನೂ ಕಡಿಮೆ ಮಾಡುತ್ತದೆ. ಕೂಸಿನ ಮೂತ್ರ ನಿಲ್ಲುತ್ತಿತ್ತು. ಇನ್ನಷ್ಟು ಮೃದುವಾದ ಔಷಧ ಹುಡುಕುತ್ತ ವೈದ್ಯರು ಐಬುಪ್ರೊಫೇನ್ ಕಡೆ ತಿರುಗಿದರು. ಇಂಗ್ಲೆಂಡಿನ ಬೂಟ್ಸ್ ಕಂಪನಿಯಲ್ಲಿ ಸ್ಟೀವರ್ಟ್ ಆಡಮ್ಸ್ ತಂಡ 1961ರಲ್ಲಿ ಕಂಡುಹಿಡಿದ ನೋವಿನ ಔಷಧವದು. 2000ದಲ್ಲಿ ಬೆಲ್ಜಿಯಂನ ಬಾರ್ಟ್ ವಾನ್ ಓವರ್‌ಮೈರೆ ತಂಡ 148 ಕೂಸುಗಳಲ್ಲಿ ಎರಡನ್ನೂ ಹೋಲಿಸಿತು. ಇಂಡೋಮೆಥಾಸಿನ್ ಪಡೆದವರಲ್ಲಿ ನೂರಕ್ಕೆ 66, ಐಬುಪ್ರೊಫೇನ್ ಪಡೆದವರಲ್ಲಿ 70 ಮಂದಿಗೆ ನಾಳ ಮುಚ್ಚಿತು. ಮುಚ್ಚುವುದರಲ್ಲಿ ಎರಡೂ ಸರಿಸಮ. ಮೂತ್ರ ಕಡಿಮೆಯಾಗುವ ತೊಂದರೆ ಐಬುಪ್ರೊಫೇನಿನಲ್ಲಿ ಕಡಿಮೆ. 2006ರಲ್ಲಿ ಅಮೆರಿಕದಲ್ಲೂ ಐಬುಪ್ರೊಫೇನ್ ಇಂಜೆಕ್ಷನ್ನಿಗೆ ಒಪ್ಪಿಗೆ ಸಿಕ್ಕಿತು.

ಇಲ್ಲಿ ಈ ಚರಿತ್ರೆಯ ಅತ್ಯಂತ ನೋವಿನ ಅಧ್ಯಾಯ ಬರುತ್ತದೆ. 2005ರಲ್ಲಿ ಅಮೆರಿಕದ ಒವೇಶನ್ ಎಂಬ ಕಂಪನಿ ಇಂಡೋಮೆಥಾಸಿನ್ ಇಂಜೆಕ್ಷನ್ನಿನ ಹಕ್ಕನ್ನು ಮರ್ಕ್ ಕಂಪನಿಯಿಂದ ಕೊಂಡಿತು. ಮುಂದಿನ ವರ್ಷದ ಆರಂಭದಲ್ಲಿ ಅದರ ಪ್ರತಿಸ್ಪರ್ಧಿಯಾಗಿ ಬರಲಿದ್ದ ಐಬುಪ್ರೊಫೇನ್ ಇಂಜೆಕ್ಷನ್ನಿನ ಹಕ್ಕನ್ನೂ ಅದೇ ಕಂಪನಿ ಕೊಂಡಿತು. ಒಂದು ಸೀಸೆಗೆ 36 ಡಾಲರ್ ಇದ್ದ ಇಂಡೋಮೆಥಾಸಿನ್ ಸುಮಾರು 500 ಡಾಲರಿಗೆ ಏರಿತು. ಔಷಧ ಅದೇ, ಕೂಸುಗಳೂ ಅವೇ. 2008ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಏಕಸ್ವಾಮ್ಯದ ಆರೋಪ ಹೊರಿಸಿ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ ಕಂಪನಿ ಡೆನ್ಮಾರ್ಕಿನ ಲುಂಡ್‌ಬೆಕ್ ಕೈಗೆ ಹೋಯಿತು. 2010ರಲ್ಲಿ ಕಮಿಷನ್ ಸೋತಿತು. 2011ರ ಆಗಸ್ಟಿನಲ್ಲಿ ಮೇಲ್ಮನವಿಯಲ್ಲೂ ಸೋತಿತು. ನ್ಯಾಯಾಲಯದ ಕಾರಣ ಹೀಗಿತ್ತು: ಶಿಶುವೈದ್ಯರು ಬೆಲೆ ನೋಡಿ ಔಷಧ ಆರಿಸುವುದಿಲ್ಲ, ಗುಣ ನೋಡಿ ಆರಿಸುತ್ತಾರೆ, ಆದ್ದರಿಂದ ಎರಡೂ ಔಷಧಗಳು ಒಂದೇ ಮಾರುಕಟ್ಟೆಯ ಸರಕಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಸರಿಯಿರಬಹುದು. ಕೂಸಿನ ಪ್ರಾಣದ ಮುಂದೆ ಬೆಲೆ ಕೇಳದ ವೈದ್ಯರ ಒಳ್ಳೆಯತನವೇ ಬೆಲೆ ಏರಿಸಿದವರ ರಕ್ಷಣೆಗೆ ಬಂತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ನಮ್ಮ ದೇಶದ ಎನ್‌ಐಸಿಯುಗಳಿಗೆ ಈ ಬೆಲೆಯ ಆಟಕ್ಕಿಂತ ಹಳೆಯ ಕಷ್ಟವಿತ್ತು. ಇಂಡೋಮೆಥಾಸಿನ್ ಇಂಜೆಕ್ಷನ್ ಇಲ್ಲಿ ಎಂದೂ ಕೈಗೆ ಸುಲಭವಾಗಿ ಸಿಗುವ ಔಷಧವಾಗಿರಲಿಲ್ಲ. ಹಾಗಾಗಿ ನಮ್ಮ ವೈದ್ಯರು ಹೊಟ್ಟೆಗೆ ಕೊಡುವ ಐಬುಪ್ರೊಫೇನ್ ಕಡೆ ನೋಡಿದರು. ಮೂಗಿನಿಂದ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಹನಿಹನಿ ಹಾಲಿನ ಜೊತೆಗೆ ಸಿರಪ್ಪಿನ ಒಂದು ಹನಿ. ರಕ್ತಕ್ಕೇ ಕೊಟ್ಟರೆ ಮಾತ್ರ ಸರಿ, ಹೊಟ್ಟೆಗೆ ಕೊಟ್ಟದ್ದು ಬಡವರ ಬದಲಿ ಎಂಬ ಅಳುಕು ಆಗ ಇತ್ತು. ಅದನ್ನು ತೆಗೆದುಹಾಕಿದ್ದರಲ್ಲಿ ಟರ್ಕಿಯ ವೈದ್ಯರ ಪಾಲು ದೊಡ್ಡದು. 2011ರಲ್ಲಿ ಅವರು 102 ಕೂಸುಗಳಲ್ಲಿ ನಡೆಸಿದ ಹೋಲಿಕೆಯಲ್ಲಿ ಹೊಟ್ಟೆಗೆ ಕೊಟ್ಟ ಗುಂಪಿನ ನೂರಕ್ಕೆ ಸುಮಾರು 85 ಮಂದಿಗೆ ನಾಳ ಮುಚ್ಚಿತು. ಇಂಜೆಕ್ಷನ್ ಗುಂಪಿನಲ್ಲಿ 62 ಮಂದಿಗೆ. 2018ರಲ್ಲಿ ಕೆನಡಾದಲ್ಲಿರುವ ಭಾರತೀಯ ಮೂಲದ ಸೌವಿಕ್ ಮಿತ್ರ ಮತ್ತು ಜೊತೆಗಾರರು 68 ಪರೀಕ್ಷೆಗಳ 4802 ಕೂಸುಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗಲೂ, ನಾಳ ಮುಚ್ಚುವ ಕೆಲಸದಲ್ಲಿ ಹೆಚ್ಚಿನ ಪ್ರಮಾಣದ ಬಾಯಿಯ ಐಬುಪ್ರೊಫೇನ್ ಎಲ್ಲಕ್ಕಿಂತ ಮುಂದೆ ನಿಂತಿತು.

ಆ 2011ರಲ್ಲೇ, ಮೇಲ್ಮನವಿಯ ತೀರ್ಪು ಬಂದು ನಾಲ್ಕು ತಿಂಗಳಾಗುವಷ್ಟರಲ್ಲಿ, ಜೆರುಸಲೇಮಿನಿಂದ ಇನ್ನೊಂದು ಸುದ್ದಿ ಬಂತು. ಶಾರೆ ಜೆಡೆಕ್ ಆಸ್ಪತ್ರೆಯ ಕ್ಯಾಥಿ ಹ್ಯಾಮರ್‌ಮನ್ ಮತ್ತು ಜೊತೆಗಾರರು, ಬೇರೆ ಕಾರಣಕ್ಕೆ ಪ್ಯಾರಸಿಟಮಾಲ್ ಪಡೆದ ಕೂಸೊಂದರ ನಾಳ ಮುಚ್ಚಿಕೊಂಡದ್ದನ್ನು ಗಮನಿಸಿದರು. ಐಬುಪ್ರೊಫೇನ್ ಕೊಡಲಾಗದ ಅಥವಾ ಅದರಿಂದ ಗುಣವಾಗದ ಇನ್ನಷ್ಟು ಕೂಸುಗಳಿಗೂ ಕೊಟ್ಟು ನೋಡಿದರು. ಐದು ಕೂಸುಗಳ ವರದಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂತು. ಐವರಿಗೂ ಎರಡು ದಿನದೊಳಗೆ ನಾಳ ಮುಚ್ಚಿತ್ತು. ಜ್ವರ ಬಂದರೆ ಗೂಡಂಗಡಿಯಲ್ಲೂ ಸಿಗುವ ಪ್ಯಾರಸಿಟಮಾಲ್! ಅದು ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನು ತಡೆಯುವುದು ಬೇರೊಂದು ಜಾಗದಲ್ಲಿ. ಮೂತ್ರಪಿಂಡಕ್ಕೂ ಕರುಳಿಗೂ ಅದರ ಪೆಟ್ಟು ಕಡಿಮೆ. 2015ರಲ್ಲಿ ಮುಂಬಯಿಯ ಸೂರ್ಯ ಮಕ್ಕಳ ಆಸ್ಪತ್ರೆಯ ವೈದ್ಯರು 1500 ಗ್ರಾಮಿಗಿಂತ ಕಡಿಮೆ ತೂಕದ 77 ಕೂಸುಗಳಲ್ಲಿ ಹೊಟ್ಟೆಗೆ ಕೊಟ್ಟ ಪ್ಯಾರಸಿಟಮಾಲನ್ನೂ ಇಂಡೋಮೆಥಾಸಿನ್ ಇಂಜೆಕ್ಷನ್ನನ್ನೂ ಹೋಲಿಸಿ ಇಂಡಿಯನ್ ಪೀಡಿಯಾಟ್ರಿಕ್ಸ್‌ನಲ್ಲಿ ಬರೆದರು. ಎರಡೂ ಗುಂಪುಗಳಲ್ಲಿ ಬಹುತೇಕ ಎಲ್ಲರಿಗೂ ನಾಳ ಮುಚ್ಚಿತ್ತು. ಕುಂದಾಪುರ, ಬೈಂದೂರಿನ ಮನೆಮನೆಗೂ ಮುಂಬಯಿಯ ನಂಟಿದೆ. ನಮ್ಮ ಹೋಟೆಲಿನವರ ಊರದು. ಅಲ್ಲಿನ ಎನ್‌ಐಸಿಯುವಿನಲ್ಲಿ ಸಾಬೀತಾದದ್ದು ದುಬಾರಿ ಸೀಸೆಗಾಗಿ ಕಾಯಬೇಕಿಲ್ಲದ ಪ್ರತಿ ಊರಿನ ಕೂಸಿಗೂ ಸಂದಿತು.

ಇಲ್ಲೊಂದು ಎಚ್ಚರದ ಮಾತು ಹೇಳದೆ ಮುಂದೆ ಹೋಗಲಾರೆ. ಮನೆಯಲ್ಲಿರುವ ಸಿರಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಕೂಸಿನ ತೂಕಕ್ಕೆ ಲೆಕ್ಕ ಹಾಕಿ, ಹೃದಯದ ಎಕೋ ಸ್ಕ್ಯಾನ್ ಮಾಡಿ, ರಕ್ತ ಪರೀಕ್ಷೆ ನೋಡುತ್ತ ಎನ್‌ಐಸಿಯುವಿನೊಳಗೆ ಕೊಡುವ ಚಿಕಿತ್ಸೆಯಿದು. ಬಸುರಿ ಹೆಂಗಸರು ಕೊನೆಯ ತಿಂಗಳುಗಳಲ್ಲಿ ಸೊಂಟನೋವಿಗೆಂದು ಐಬುಪ್ರೊಫೇನಿನಂಥ ಮಾತ್ರೆ ತಾವಾಗಿ ನುಂಗಲೇಬಾರದು. ಹೊರಗೆ ಮುಚ್ಚಬೇಕಾದ ನಾಳವನ್ನು ಅದೇ ಔಷಧ ಗರ್ಭದೊಳಗೇ ಬಿಗಿದುಬಿಡಬಹುದು.

ಹೀಗೆ ಮೂರು ಔಷಧಗಳಾದವು, ಮೂರೂ ನಾಳ ಮುಚ್ಚುತ್ತವೆ. ಆದರೆ ಕೂಸು ಹೆಚ್ಚು ಬದುಕುತ್ತದೆಯೇ? ಬದುಕಿದ್ದು ಚೆನ್ನಾಗಿ ಬೆಳೆಯುತ್ತದೆಯೇ? ಈ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಕೊಟ್ಟದ್ದು 2001ರಲ್ಲಿ ಕೆನಡಾದ ಬಾರ್ಬರಾ ಶ್ಮಿಟ್ ನೇತೃತ್ವದ ಪರೀಕ್ಷೆ. 500ರಿಂದ 999 ಗ್ರಾಂ ತೂಕದ 1202 ಕೂಸುಗಳು. ಅರ್ಧದಷ್ಟು ಮಂದಿಗೆ ಹುಟ್ಟಿದ ಕೂಡಲೇ ಮುನ್ನೆಚ್ಚರಿಕೆಯಾಗಿ ಇಂಡೋಮೆಥಾಸಿನ್, ಉಳಿದವರಿಗೆ ಔಷಧವಿಲ್ಲದ ದ್ರಾವಣ. ತೆರೆದ ನಾಳದ ಪ್ರಮಾಣ ನೂರಕ್ಕೆ 50ರಿಂದ 24ಕ್ಕೆ ಇಳಿಯಿತು. ಮೆದುಳಿನ ತೀವ್ರ ರಕ್ತಸ್ರಾವವೂ 13ರಿಂದ 9ಕ್ಕೆ ಇಳಿಯಿತು. ಎಲ್ಲರೂ ಕಾಯುತ್ತಿದ್ದುದು ಒಂದೂವರೆ ವರ್ಷದ ನಂತರದ ಲೆಕ್ಕಕ್ಕೆ. ಸಾವು ಅಥವಾ ಬೆಳವಣಿಗೆಯ ಗಂಭೀರ ತೊಂದರೆ ಔಷಧ ಪಡೆದವರಲ್ಲಿ 47, ಪಡೆಯದವರಲ್ಲಿ 46. ಅರ್ಧಕ್ಕರ್ಧ ನಾಳ ಮುಚ್ಚಿಯೂ ಮಗುವಿನ ಮುಂದಿನ ಬದುಕು ಒಂದಿಷ್ಟೂ ಬದಲಾಗಿರಲಿಲ್ಲ.

ಇದರ ಮೇಲೆ ವೈದ್ಯಲೋಕ ಎರಡಾಯಿತು. ಒಂದು ಪಕ್ಷದ ವಾದ: ನಾಳ ತೆರೆದಿರುವುದು ಅಪಕ್ವತೆಯ ಗುರುತೇ ಹೊರತು ಕೇಡಿನ ಮೂಲವಲ್ಲ, ಹೆಚ್ಚಿನ ನಾಳಗಳು ಕಾಲ ಬಂದಾಗ ತಾವೇ ಮುಚ್ಚುತ್ತವೆ. ಇನ್ನೊಂದು ಪಕ್ಷದ ವಾದ: ಪರೀಕ್ಷೆಗಳಲ್ಲಿ ಸಣ್ಣ ನಾಳವನ್ನೂ ದೊಡ್ಡ ನಾಳವನ್ನೂ ಒಟ್ಟಿಗೆ ಸೇರಿಸಿದ್ದಾರೆ, ಔಷಧ ಕೊಡಬಾರದೆಂದಿದ್ದ ಗುಂಪಿನವರಿಗೂ ಮಧ್ಯದಲ್ಲಿ ಔಷಧ ಕೊಟ್ಟಿದ್ದಾರೆ, ಹೀಗಿದ್ದರೆ ವ್ಯತ್ಯಾಸ ಕಾಣುವುದು ಹೇಗೆ? ಈ ಎರಡನೆಯ ಆಕ್ಷೇಪ ಹುಸಿಯಲ್ಲ. 2016ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಪರವಾಗಿ ವಿಲಿಯಂ ಬೆನಿಟ್ಸ್ ಬರೆದ ವರದಿ ಮೊದಲ ಪಕ್ಷದ ಕಡೆ ವಾಲಿತು: ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಎಲ್ಲರಿಗೂ ವಾಡಿಕೆಯಂತೆ ಔಷಧ ಕೊಟ್ಟು ಮುಚ್ಚುವುದರಿಂದ ದೂರದ ಲಾಭ ಕಾಣುವುದಿಲ್ಲ ಎಂದಿತು.

ಜಗಳ ತೀರಿಸಲು ಹೊಸ ಪರೀಕ್ಷೆಗಳೇ ಬೇಕಾದವು. 2023ರಲ್ಲಿ ನೆದರ್‌ಲೆಂಡ್ಸ್ ಮುಂದಾಳತ್ವದ ಬೆನೆಡಕ್ಟಸ್ ಪರೀಕ್ಷೆ ಪ್ರಕಟವಾಯಿತು. 28 ವಾರಕ್ಕೆ ಮೊದಲೇ ಹುಟ್ಟಿದ, ನಾಳದ ಅಗಲ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚಿದ್ದ 273 ಕೂಸುಗಳು. ಅರ್ಧ ಮಂದಿಗೆ ಬೇಗ ಐಬುಪ್ರೊಫೇನ್, ಉಳಿದವರಿಗೆ ಕಾಯುವುದು ಮಾತ್ರ. ಸಾವು, ಕರುಳಿನ ಕೊಳೆತ, ಶ್ವಾಸಕೋಶದ ದೀರ್ಘ ಕಾಯಿಲೆ ಇವುಗಳಲ್ಲಿ ಯಾವುದಾದರೂ ಒಂದಕ್ಕೆ ತುತ್ತಾದವರು ಕಾದ ಗುಂಪಿನಲ್ಲಿ ನೂರಕ್ಕೆ 46, ಔಷಧದ ಗುಂಪಿನಲ್ಲಿ 63ಕ್ಕೂ ಹೆಚ್ಚು. ಮರುವರ್ಷ ಬ್ರಿಟನ್ನಿನ ಬೇಬಿ ಆಸ್ಕರ್ ಪರೀಕ್ಷೆಯ ಫಲ ಬಂತು. ಅದನ್ನು ಮುನ್ನಡೆಸಿದವರು ಭಾರತೀಯ ಮೂಲದ ಸಮೀರ್ ಗುಪ್ತ. 653 ಕೂಸುಗಳಲ್ಲಿ ಸಾವು ಅಥವಾ ಶ್ವಾಸಕೋಶದ ಕಾಯಿಲೆ ಐಬುಪ್ರೊಫೇನ್ ಪಡೆದವರಲ್ಲಿ ನೂರಕ್ಕೆ 69, ಪಡೆಯದವರಲ್ಲಿ 63.5. ಈ ಅಂತರವನ್ನು ಔಷಧದ ಕೇಡೆಂದು ಖಚಿತವಾಗಿ ಹೇಳಲಾಗದು. ಔಷಧದಿಂದ ಲಾಭವಾಯಿತೆಂದು ಹೇಳಲಂತೂ ಆಗದು.

ಹಾಗಾದರೆ 1976ರ ಆ ಸಂಭ್ರಮ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಆಗಿನ ಕೂಸುಗಳಿಗೆ ಶ್ವಾಸಕೋಶ ಅರಳಲು ನೆರವಾಗುವ ಸರ್ಫ್ಯಾಕ್ಟಂಟ್ ಎಂಬ ಔಷಧ ಇರಲಿಲ್ಲ. ಹೆರಿಗೆಗೆ ಮೊದಲು ತಾಯಿಗೆ ಸ್ಟಿರಾಯ್ಡ್ ಕೊಟ್ಟು ಶಿಶುವಿನ ಶ್ವಾಸಕೋಶ ಬಲಪಡಿಸುವುದನ್ನು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ 1972ರಲ್ಲೇ ತೋರಿಸಿದ್ದರೂ ಅದು ಎಲ್ಲೆಡೆ ವಾಡಿಕೆಗೆ ಬಂದಿರಲಿಲ್ಲ. ಕೂಸಿಗೆ ಅತಿಯಾಗಿ ದ್ರವ ಕೊಟ್ಟರೆ ನಾಳ ತೆರೆದು ತೊಂದರೆ ಕೊಡುವುದು ಹೆಚ್ಚು ಎಂದು ಎಡ್ವರ್ಡ್ ಬೆಲ್ ತಂಡ ಬರೆದದ್ದು 1980ರಲ್ಲಿ. ಅಂದಿನ ಕೂಸಿಗೆ ತೆರೆದ ನಾಳ ಹೆಚ್ಚು ನಿರ್ದಯಿಯಾಗಿತ್ತು. ಆಗ ಎದೆ ಕೊಯ್ಯುವುದನ್ನು ತಪ್ಪಿಸಿದ ಔಷಧ ಎಷ್ಟೋ ಮನೆಗಳಿಗೆ ಮಗುವನ್ನು ಮರಳಿಸಿದೆ. ಕೂಸನ್ನು ನೋಡಿಕೊಳ್ಳುವ ರೀತಿ ಸುಧಾರಿಸಿದಂತೆಲ್ಲ ನಾಳದ ಮೇಲಿನ ಯುದ್ಧಕ್ಕೆ ಅವಸರ ಕಡಿಮೆಯಾಯಿತು.

2020ರಲ್ಲಿ ಜಗತ್ತಿನಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳು ಸುಮಾರು 1.34 ಕೋಟಿ, ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲೇ. ಅಷ್ಟು ಮಂದಿಗೆ ಮೊದಲು ಬೇಕಾದದ್ದು ಸಿರಪ್ಪಿನ ಹನಿಗಿಂತ ಮುಂಚಿನವು: ಹೆರಿಗೆ ನೋವು ಬೇಗ ಬಂದ ತಾಯಿಗೆ ಸ್ಟಿರಾಯ್ಡ್ ಇಂಜೆಕ್ಷನ್, ಕೂಸು ಹೊಟ್ಟೆಯಲ್ಲಿರುವಾಗಲೇ ದೊಡ್ಡ ಆಸ್ಪತ್ರೆಗೆ ತಲುಪುವುದು, ದಾರಿಯಲ್ಲಿ ಬೆಚ್ಚಗಿಡುವುದು, ತಾಯಿಯ ಎದೆಹಾಲು, ಎದೆಗಪ್ಪಿ ಬೆಳೆಸುವ ಕಾಂಗರೂ ಆರೈಕೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರದೊಂದಿಗೆ ಸೇರಿ ಈ ಆರೈಕೆಯನ್ನು ಹಳ್ಳಿಯ ಮನೆಗಳವರೆಗೆ ಒಯ್ದದ್ದು ನಮ್ಮ ರಾಜ್ಯದ ಹೆಮ್ಮೆ. ಕರ್ನಾಟಕದಲ್ಲಿ 108 ಆಂಬುಲೆನ್ಸ್ 2008ರ ನವೆಂಬರ್ 1ರಂದು ಶುರುವಾದ ಮೇಲೆ ಮರವಂತೆ, ನಾವುಂದ, ಉಪ್ಪುಂದದ ಬಸುರಿಯರಿಗೆ ಹೆದ್ದಾರಿಯ ದೂರ ಕಡಿಮೆಯಾಗಿದೆ. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಹಿಂದೆ ದಾನವಿತ್ತ ಜಾಗದಲ್ಲಿ ತಾಯಿ ಮಕ್ಕಳ ಸರ್ಕಾರಿ ಆಸ್ಪತ್ರೆ ಇದೆ. ನಾಳದ ಚರಿತ್ರೆಯ ಬಹುಪಾಲು ಪಾಠ ಈ ದಾರಿಯಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಈಗಿನ ರೀತಿ ಹೀಗೆ. ಎಕೋ ಮಾಡಿ ನಾಳದ ಅಗಲ, ಹರಿವಿನ ದಿಕ್ಕು, ಹೃದಯದ ಎಡಭಾಗ ಹಿಗ್ಗಿದೆಯೇ ಎಂದು ನೋಡುತ್ತಾರೆ. ಕೂಸು ವೆಂಟಿಲೇಟರಿನಿಂದ ಹೊರಬರಲಾಗದೆ ಒದ್ದಾಡುತ್ತಿದೆಯೇ, ಮೂತ್ರ ಹೋಗುತ್ತಿದೆಯೇ, ಹಾಲು ಅರಗುತ್ತಿದೆಯೇ ಎಂದು ನೋಡುತ್ತಾರೆ. ಎಲ್ಲವೂ ಸರಿಯಿದ್ದರೆ ಕಾಯುತ್ತಾರೆ. ನಾಳ ದೊಡ್ಡದಿದ್ದು ಕೂಸು ಕುಸಿಯುತ್ತಿದ್ದರೆ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೇನ್. 26 ವಾರಕ್ಕೂ ಮೊದಲು ಹುಟ್ಟಿದ ಅತಿ ಪುಟ್ಟ ಕೂಸುಗಳಲ್ಲಿ ಯಾರಿಗೆ ಕಾಯುವುದು ಒಳ್ಳೆಯದು, ಯಾರಿಗೆ ಕಾದರೆ ಕೇಡು ಎಂಬುದರ ಮೇಲೆ ವಾದ ಇನ್ನೂ ನಡೆದಿದೆ. ನಾಳ ತೆರೆದಿರುವಾಗಲೇ ತೂಕ ಹಿಡಿದು ಮನೆಗೆ ಹೋಗುವ ಕೂಸುಗಳೂ ಇವೆ. ಅವರಲ್ಲಿ ಹೆಚ್ಚಿನವರಿಗೆ ಮುಂದಿನ ತಿಂಗಳುಗಳಲ್ಲಿ ನಾಳ ತಾನಾಗಿ ಮುಚ್ಚುತ್ತದೆ. ಮುಚ್ಚದೆ ತೊಂದರೆ ಕೊಟ್ಟರೆ ತೊಡೆಯ ರಕ್ತನಾಳದ ಮೂಲಕ ಪುಟ್ಟ ಸಾಧನವೊಂದನ್ನು ಒಳಗೆ ಕೂರಿಸಿ ಮುಚ್ಚಬಹುದು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪಿಕೊಲೊ ಎಂಬ ಸಾಧನವನ್ನು 700 ಗ್ರಾಂ ತೂಗುವ ಕೂಸಿಗೂ ಹಾಕಲು ಬರುತ್ತದೆ. ಅದಕ್ಕೆ ಮೊದಲು ಮಾಡಬೇಕಾದದ್ದು ಇಷ್ಟೆ: ಮನೆಗೆ ಹೋಗುವ ದಿನ ಬರೆದುಕೊಟ್ಟ ಚೀಟಿಯಲ್ಲಿ ಮುಂದಿನ ಎಕೋಗೆ ಯಾವ ತಾರೀಕು ಹಾಕಿದ್ದಾರೋ ಆ ದಿನ, ಕೂಸು ಎಷ್ಟೇ ಗಟ್ಟಿಯಾಗಿ ಕಂಡರೂ, ಅದನ್ನು ಎತ್ತಿಕೊಂಡು ಮತ್ತೆ ಮಣಿಪಾಲದ ದಾರಿ ಹಿಡಿಯುವುದು.